ಹನ್ನೊಂದು ಸಾವಿರದ ಕಾಗುಣಿತ: ಕೊರಿಯನ್ ಅಕ್ಷರ ಕಂಪ್ಯೂಟರಿನೊಳಗೆ ಕೂತ ಬಗೆ

ನನ್ನ ಅಕ್ಕನ ಮಗಳು ಕೊರಿಯನ್ ಸೀರಿಯಲ್ ನೋಡಿ ನೋಡಿ ಈಗ ಆ ಭಾಷೆಯನ್ನೇ ಕಲಿಯಲು ಹೊರಟಿದ್ದಾಳೆ. ಮೊನ್ನೆ ಫೋನಿಗೆ ಕೊರಿಯನ್ ಕೀಬೋರ್ಡ್ ಹಾಕಿಕೊಂಡು ‘ಹನ’ ಅಂತ ಬರೆಯುತ್ತಿದ್ದಳು. ಅವರ ಭಾಷೆಯಲ್ಲಿ ಹನ ಅಂದರೆ ‘ಒಂದು’. ನಾಲ್ಕೇ ಕೀಲಿ ಒತ್ತಬೇಕು: ಹ್, ಅ, ನ್, ಅ. ಮೊದಲ ಎರಡು ಒತ್ತಿದಾಗ ‘ಹ’ ಮೂಡಿತು. ಮೂರನೆಯದಕ್ಕೆ ‘ನ್’ ಬಂದು ಆ ಹಕಾರದ ಕೆಳಗೇ ಕೂತು ‘ಹನ್’ ಆಯಿತು. ನಾಲ್ಕನೆಯದು ಒತ್ತಿದ್ದೇ ತಡ, ಕೆಳಗೆ ಕೂತಿದ್ದ ‘ನ್’ ಎದ್ದು ಪಕ್ಕಕ್ಕೆ ಜಿಗಿದು ‘ನ’ ಆಗಿ ನಿಂತಿತು.

“ಚಿಕ್ಕಮ್ಮಾ, ಅಕ್ಷರ ಜಿಗೀತಿದೆ ನೋಡು” ಅಂದಳು. ಹಿಂದೆಯೇ ಇನ್ನೊಂದು ಪ್ರಶ್ನೆ: “ಪುಸ್ತಕದಲ್ಲಿ 24 ಅಕ್ಷರ ಅಂತಿದೆ. ಕಂಪ್ಯೂಟರಲ್ಲಿ 11,172 ಇವೆಯಂತೆ. ಯಾವುದು ಸರಿ?”

ಎರಡೂ ಸರಿ. ಹೇಗೆ ಅಂತ ತಿಳಿಯೋಕೆ ಮೊದಲು ಆ ಲಿಪಿ ಕಟ್ಟಿದ ರೀತಿ ನೋಡಬೇಕು. ಕಾಗುಣಿತ ಬಾಯಿಪಾಠ ಮಾಡಿ ಬೆಳೆದ ನಮಗೆ ಇದು ಬೇರೆಯವರಿಗಿಂತ ಸಲೀಸಾಗಿ ಅರ್ಥವಾಗುತ್ತದೆ ಅಂತ ನನ್ನ ನಂಬಿಕೆ.

ಒಬ್ಬ ರಾಜ ಕೂತು ಮಾಡಿದ ಲಿಪಿ

ಹೆಚ್ಚಿನ ಲಿಪಿಗಳು ನೂರಾರು ವರ್ಷ ಸವೆದು, ತಿರುಗಿ, ಬದಲಾಗಿ ಈಗಿನ ರೂಪಕ್ಕೆ ಬಂದಿವೆ. ಕನ್ನಡ ಲಿಪಿಯೂ ಹಾಗೇ. ಕೊರಿಯಾದ ಲಿಪಿ ಹಾಗಲ್ಲ. ಅದು ಹುಟ್ಟಿದ ವರ್ಷ ಗೊತ್ತು, ಹುಟ್ಟಿಸಿದವರ ಹೆಸರೂ ಗೊತ್ತು. ಜೋಸನ್ ಮನೆತನದ ನಾಲ್ಕನೆಯ ರಾಜ ಸೇಜೊಂಗ್ 1443ರಲ್ಲಿ ಇದನ್ನು ಸಿದ್ಧಮಾಡಿದ. 1446ರಲ್ಲಿ ಜನರ ಮುಂದಿಟ್ಟ. ಅಲ್ಲಿಯವರೆಗೆ ಕೊರಿಯಾದಲ್ಲಿ ಓದುಬರಹ ಅಂದರೆ ಚೀನೀ ಅಕ್ಷರಗಳೇ. ಸಾವಿರಾರು ಅಕ್ಷರ ಕಲಿಯಲು ವರ್ಷಗಟ್ಟಲೆ ಬೇಕಿತ್ತು. ಹೊಲ ಉಳುವವರಿಗೆ ಅಷ್ಟು ಬಿಡುವು ಎಲ್ಲಿತ್ತು?

ಹೊಸ ಲಿಪಿಗೆ ಅವನು ಇಟ್ಟ ಹೆಸರು ‘ಹುನ್‌ಮಿನ್‌ಜೊಂಗಮ್’. ಜನರಿಗೆ ಕಲಿಸಲು ಸರಿಯಾದ ಉಲಿಗಳು ಅಂತ ಅದರ ಅರ್ಥ. ಅದರ ಜೊತೆ ಬಂದ ವಿವರಣೆಯ ಪುಸ್ತಕದಲ್ಲಿ, ಜಾಣನಾದವನು ಒಂದು ಬೆಳಗು ಕಳೆಯುವುದರೊಳಗೆ ಇದನ್ನು ಕಲಿತಾನು, ಮಂದನಾದವನೂ ಹತ್ತು ದಿನದಲ್ಲಿ ಕಲಿತಾನು ಅಂತ ಬರೆದಿದೆ. ಪಂಡಿತರಲ್ಲಿ ಕೆಲವರು ವಿರೋಧಿಸಿದರು. ಲಿಪಿ ಸರ್ಕಾರದ ಕಾಗದಪತ್ರಗಳಿಗೆ ಅಧಿಕೃತವಾಗಿ ಬಂದದ್ದು 1894ರಲ್ಲಿ. ‘ಹಂಗುಲ್’ ಅನ್ನುವ ಹೆಸರು ಬಂದದ್ದು ಅದಕ್ಕೂ ಆಮೇಲೆ, 20ನೆಯ ಶತಮಾನದಲ್ಲಿ.

ಅಕ್ಷರಗಳ ಆಕಾರ ಸುಮ್ನೆ ಬಂದದ್ದಲ್ಲ. ‘ನ್’ ಹೇಳಿ ನೋಡಿ. ನಾಲಿಗೆಯ ತುದಿ ಮೇಲೆದ್ದು ಹಲ್ಲಿನ ಹಿಂದೆ ತಾಗುತ್ತದೆ. ಕೊರಿಯನ್ ‘ನ್’ ಅಕ್ಷರ ಆ ನಾಲಿಗೆಯ ಚಿತ್ರವೇ: ಗಾರೆಯವರ ಮೂಲೆಮಟ್ಟದ ಹಾಗೆ ಒಂದು ನಿಂತ ಗೆರೆ, ಒಂದು ಮಲಗಿದ ಗೆರೆ. ‘ಗ್’ ಹೇಳುವಾಗ ನಾಲಿಗೆಯ ಬುಡ ಗಂಟಲಿನ ಹತ್ತಿರ ಎದ್ದು ದಾರಿ ಮುಚ್ಚುತ್ತದೆ. ಆ ಅಕ್ಷರ ಹೆಚ್ಚುಕಡಿಮೆ 7ರ ಅಂಕೆಯ ಹಾಗಿದೆ. ‘ಮ್’ಗೆ ಬಾಯಿಯ ಆಕಾರದ ಚೌಕ. ‘ಸ್’ಗೆ ಹಲ್ಲಿನ ಗುರುತು. ಗಂಟಲಿಗೆ ಒಂದು ಸೊನ್ನೆ.

ಇವು ಐದು ಬುನಾದಿ. ಉಲಿ ಜೋರಾದಂತೆ ಒಂದೊಂದು ಗೆರೆ ಸೇರುತ್ತದೆ. ‘ಗ್’ಗೆ ಒಂದು ಗೆರೆ ಹಾಕಿದರೆ ‘ಖ್’. ‘ನ್’ಗೆ ಗೆರೆ ಹಾಕಿದರೆ ‘ದ್’, ಇನ್ನೊಂದು ಹಾಕಿದರೆ ‘ಥ್’. ನಮ್ಮ ವರ್ಗೀಯ ವ್ಯಂಜನಗಳ ಪಟ್ಟಿಯಲ್ಲಿ ಒಂದೇ ಜಾಗದಲ್ಲಿ ಹುಟ್ಟುವ ಉಲಿಗಳನ್ನು ಒಂದೇ ಸಾಲಿನಲ್ಲಿ ಇಟ್ಟಿದ್ದೇವಲ್ಲ, ಆ ನೆಂಟಸ್ತಿಕೆ ಇಲ್ಲಿ ಅಕ್ಷರದ ಮೈಯಲ್ಲೇ ಕಾಣುತ್ತದೆ.

ಸ್ವರಗಳಿಗೆ ಮೂರೇ ಸಾಮಾನು: ಆಕಾಶಕ್ಕೆ ಒಂದು ಚುಕ್ಕಿ, ಭೂಮಿಗೆ ಮಲಗಿದ ಗೆರೆ, ನಿಂತ ಮನುಷ್ಯನಿಗೆ ನಿಂತ ಗೆರೆ. ನಿಂತ ಗೆರೆಯ ಬಲಕ್ಕೆ ಚುಕ್ಕಿ ಇಟ್ಟರೆ ‘ಅ’. ಮಲಗಿದ ಗೆರೆಯ ಮೇಲೆ ಇಟ್ಟರೆ ‘ಒ’, ಕೆಳಗೆ ಇಟ್ಟರೆ ‘ಉ’. ಈಗ ಆ ಚುಕ್ಕಿ ಒಂದು ಗಿಡ್ಡ ಗೆರೆಯಾಗಿದೆ, ಅಷ್ಟೇ ಬದಲಾವಣೆ.

ಶುರುವಿನಲ್ಲಿ 28 ಅಕ್ಷರ ಇದ್ದವು. ನಾಲ್ಕು ಬಳಕೆ ತಪ್ಪಿದವು. ಉಳಿದದ್ದು 14 ವ್ಯಂಜನ, 10 ಸ್ವರ. ಪುಸ್ತಕದಲ್ಲಿರುವ 24 ಇದೇ. ಕೊರಿಯನ್ನರು ವ್ಯಂಜನಕ್ಕೆ ‘ಮಗು ಉಲಿ’ ಅಂತಲೂ ಸ್ವರಕ್ಕೆ ‘ತಾಯಿ ಉಲಿ’ ಅಂತಲೂ ಅರ್ಥ ಬರುವ ಪದ ಬಳಸುತ್ತಾರೆ. ತಾಯಿ ಇಲ್ಲದೆ ಮಗು ಒಂಟಿಯಾಗಿ ನಿಲ್ಲುವುದಿಲ್ಲ ಅಲ್ವಾ?

ಒಂದು ಉಚ್ಚಾರಕ್ಕೆ ಒಂದು ಚೌಕ

ಈ 24ನ್ನು ಇಂಗ್ಲಿಷಿನ ಹಾಗೆ ಸಾಲಾಗಿ ಬರೆಯುತ್ತಾ ಹೋಗುವುದಿಲ್ಲ. ಒಂದೊಂದು ಉಚ್ಚಾರದ ತುಂಡನ್ನೂ ಒಂದು ಚೌಕದೊಳಗೆ ಕೂರಿಸುತ್ತಾರೆ. ಚೌಕದಲ್ಲಿ ಮೂರು ಜಾಗ.

ಮೊದಲ ಜಾಗ ವ್ಯಂಜನಕ್ಕೆ. ಎರಡನೆಯದು ಸ್ವರಕ್ಕೆ. ನಿಂತ ಸ್ವರವಾದರೆ ವ್ಯಂಜನದ ಬಲಕ್ಕೆ ನಿಲ್ಲುತ್ತದೆ, ಮಲಗಿದ ಸ್ವರವಾದರೆ ಕೆಳಗೆ ಮಲಗುತ್ತದೆ. ಮೂರನೆಯ ಜಾಗ ಎಲ್ಲಕ್ಕಿಂತ ಕೆಳಗೆ, ಉಚ್ಚಾರದ ಕೊನೆಗೆ ಬರುವ ವ್ಯಂಜನಕ್ಕೆ. ಇದು ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಇದಕ್ಕೆ ಅವರು ‘ಬಚ್ಚಿಮ್’ ಅನ್ನುತ್ತಾರೆ. ಕೆಳಗಿನಿಂದ ಹೊತ್ತು ನಿಲ್ಲುವ ಆಸರೆ ಅಂತ ಅರ್ಥ.

ಮೊದಲ ಎರಡು ಜಾಗ ನಮಗೆ ಹೊಸದಲ್ಲ. ಕ, ಕಾ, ಕಿ, ಕೀ ಅಂತ ಬರೆದ ಹಾಗೇ. ಮೂರನೆಯದನ್ನು ನೋಡಿದಾಗ ಮಾತ್ರ ನಮ್ಮ ಕಣ್ಣು ‘ಓ, ಒತ್ತಕ್ಷರ’ ಅನ್ನುತ್ತದೆ. ಅಲ್ಲೇ ಎಡವುತ್ತೇವೆ. ‘ಕನ್ನಡ’ ಪದವನ್ನೇ ನೋಡಿ. ನಾವು ಬರೆಯುವುದು ಕ, ನ್ನ, ಡ. ಬಾಯಲ್ಲಿ ಹೇಳುವಾಗ ಮಾತ್ರ ಕನ್, ನ, ಡ ಅಂತ ಒಡೆಯುತ್ತೇವೆ. ನಮ್ಮ ಲಿಪಿ ಮೊದಲ ‘ನ್’ ಅನ್ನು ಮುಂದಿನ ಅಕ್ಷರದ ಮನೆಗೆ ಕಳಿಸುತ್ತದೆ. ಕೊರಿಯನ್ ಲಿಪಿ ಅದನ್ನು ಹಿಂದಿನ ಅಕ್ಷರದ ಕೆಳಗೇ ಉಳಿಸಿಕೊಳ್ಳುತ್ತದೆ. ಹಾಗಾಗಿ ಅವರ ಬರಹದಲ್ಲಿ ಕನ್ನಡ ಅನ್ನುವುದು ‘ಕನ್’, ‘ನ’, ‘ದ’ ಅನ್ನುವ ಮೂರು ಚೌಕ. ‘ಡ’ ಅವರಲ್ಲಿಲ್ಲ, ಅದಕ್ಕೇ ‘ದ’.

ಸ್ವರದಿಂದಲೇ ಶುರುವಾಗುವ ಉಚ್ಚಾರ ಬಂದರೆ? ಮೊದಲ ಜಾಗ ಖಾಲಿ ಬಿಡುವಂತಿಲ್ಲ. ಅಲ್ಲಿ ಒಂದು ಸೊನ್ನೆ ಬರೆಯುತ್ತಾರೆ. ಅದಕ್ಕೆ ಉಲಿ ಇಲ್ಲ, ಜಾಗ ಹಿಡಿದುಕೊಂಡಿರುತ್ತದೆ ಅಷ್ಟೇ. ಅದೇ ಸೊನ್ನೆ ಕೆಳಗಿನ ಜಾಗದಲ್ಲಿ ಬಂದರೆ ‘ಙ್’ ಆಗುತ್ತದೆ. ನನಗೆ ತುಂಬ ಇಷ್ಟವಾದ ಸಂಗತಿ ಇದು: ಬೆಂಗಳೂರು ಅಂತ ಬರೆಯುವಾಗ ‘ಬೆ’ ಆದ ಮೇಲೆ ನಾವು ಇಡುವ ಸೊನ್ನೆಯ ಉಲಿಯೂ ‘ಙ್’. ಕೊರಿಯನ್ನರು ‘ಬೆಂ’ ಬರೆದಾಗಲೂ ಒಂದು ಸೊನ್ನೆ, ಅದೇ ಉಲಿ. ಇದು ಬರೀ ಕಾಕತಾಳೀಯ. ಆದರೂ ಕಲಿಯುವವರಿಗೆ ನೆನಪಿಟ್ಟುಕೊಳ್ಳಲು ಚೆನ್ನಾಗಿದೆ.

11,172 ಎಲ್ಲಿಂದ ಬಂತು?

ಈಗ ಲೆಕ್ಕ. ಮೊದಲ ಜಾಗದಲ್ಲಿ 14 ವ್ಯಂಜನಗಳ ಜೊತೆ ಐದು ಜೋಡಿ ವ್ಯಂಜನಗಳೂ ಬರಬಹುದು. ಒಟ್ಟು 19. ಎರಡನೆಯ ಜಾಗದಲ್ಲಿ 10 ಸ್ವರ, ಅವು ಕೂಡಿ ಆದ 11 ಕೂಡುಸ್ವರ. ಒಟ್ಟು 21. ಮೂರನೆಯ ಜಾಗದಲ್ಲಿ 27 ಬಗೆ ಬರಬಹುದು. ಅದರಲ್ಲಿ ಎರಡೆರಡು ವ್ಯಂಜನ ಒಟ್ಟಿಗೆ ಕೂರುವ ಗುಂಪುಗಳೂ ಸೇರಿವೆ. ‘ಕೋಳಿ’ ಅನ್ನುವ ಕೊರಿಯನ್ ಪದ ಕೇಳಲು ‘ದಕ್’ ಅಂತಿರುತ್ತದೆ, ಬರೆಯುವಾಗ ಕೆಳಗೆ ‘ಲ್’ ಮತ್ತು ‘ಗ್’ ಎರಡೂ ಇರುತ್ತವೆ. ಏನೂ ಇಲ್ಲದಿರುವುದನ್ನೂ ಒಂದು ಬಗೆ ಅಂತ ಎಣಿಸಿದರೆ ಒಟ್ಟು 28.

19 ಗುಣಿಸು 21, ಗುಣಿಸು 28. ಉತ್ತರ 11,172.

ಮೊದಲ ಎರಡನ್ನೇ ಗುಣಿಸಿದರೆ 399. ಅದು ಅವರ ಕಾಗುಣಿತ ಅನ್ನಬಹುದು. ಒಂದೊಂದಕ್ಕೂ 28 ಬಗೆಯ ತಳ ಸೇರಿದಾಗ ಸಂಖ್ಯೆ ಹನ್ನೊಂದು ಸಾವಿರ ದಾಟುತ್ತದೆ. ಇವುಗಳಲ್ಲಿ ಎಷ್ಟೋ ಚೌಕಗಳು ಯಾವ ಪದದಲ್ಲೂ ಬರುವುದಿಲ್ಲ. ಆದರೆ ಬರೆಯಲು ಅಡ್ಡಿಯಿಲ್ಲ. ನಮ್ಮಲ್ಲೂ ‘ಙೌ’ ಯಾವ ಪದದಲ್ಲೂ ಸಿಗುವುದಿಲ್ಲ, ಕಾಗುಣಿತ ಬರೆಯುವಾಗ ಬಿಡುವುದೂ ಇಲ್ಲ.

ಅಚ್ಚುಮೊಳೆಯೋ, ರಬ್ಬರ್ ಸ್ಟ್ಯಾಂಪೋ?

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸಂಖ್ಯೆ ಮಾತ್ರ. ಒಂದೊಂದು ಅಕ್ಷರಕ್ಕೂ ಒಂದು ಸಂಖ್ಯೆ ಕೊಟ್ಟು, ಈ ಸಂಖ್ಯೆ ಬಂದಾಗ ಈ ಚಿತ್ರ ತೋರಿಸು ಅಂತ ಹೇಳಿಕೊಡಬೇಕು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಅನ್ನುವ ಒಪ್ಪಂದಕ್ಕೇ ಎನ್ಕೋಡಿಂಗ್ ಅನ್ನುವುದು.

ಕೊರಿಯನ್ ಲಿಪಿಗೆ ಇಲ್ಲಿ ಎರಡು ದಾರಿ ಇದ್ದವು. ಒಂದು, ಹಳೆಯ ಮುದ್ರಣಾಲಯದ ದಾರಿ. ಬಿಡಿ ಬಿಡಿ ಅಚ್ಚುಮೊಳೆ ಇಟ್ಟುಕೊಂಡು ಬೇಕಾದಾಗ ಜೋಡಿಸುವುದು. ಬಿಡಿ ಅಕ್ಷರಗಳಿಗೆ ಮಾತ್ರ ಸಂಖ್ಯೆ ಸಾಕು. ಇನ್ನೊಂದು, ರಬ್ಬರ್ ಸ್ಟ್ಯಾಂಪಿನ ದಾರಿ. ಕಟ್ಟಿ ಮುಗಿಸಿದ ಪ್ರತಿ ಚೌಕಕ್ಕೂ ಒಂದೊಂದು ಸಂಖ್ಯೆ.

ಮೊದಲನೆಯ ದಾರಿಗೆ ಕೊರಿಯಾದಲ್ಲಿ ‘ಜೊಹಪ್’ ಅಂದರು, ಜೋಡಣೆ ಅಂತ. ಅದರ ಉಪಾಯ ನೋಡಿ. ಬಿಟ್ ಅಂದರೆ 0 ಅಥವಾ 1 ಮಾತ್ರ ಹಿಡಿಯುವ ಪುಟ್ಟ ಮನೆ. ಕಂಪ್ಯೂಟರಿನ ಐದು ಬಿಟ್‌ಗಳಲ್ಲಿ 32 ಬೇರೆ ಬೇರೆ ಬೆಲೆ ಹಿಡಿಯುತ್ತವೆ. 19, 21, 28 ಮೂರೂ 32ರ ಒಳಗೇ ಇವೆ! ಹಾಗಾಗಿ ಮೂರು ಜಾಗಕ್ಕೆ ಐದೈದು ಬಿಟ್, ಇದು ಕೊರಿಯನ್ ಅಂತ ಗುರುತಿಗೆ ಒಂದು ಬಿಟ್. ಒಟ್ಟು 16 ಬಿಟ್, ಅಂದರೆ ಸರಿಯಾಗಿ ಎರಡು ಬೈಟ್. ಎಲ್ಲ 11,172 ಚೌಕವೂ ಬಂದವು. ಅಳತೆ ಕೊಟ್ಟು ಹೊಲಿಸಿದ ಹಾಗೆ.

ಆದರೆ 1987ರಲ್ಲಿ ದಕ್ಷಿಣ ಕೊರಿಯಾ ಸರ್ಕಾರ ಒಪ್ಪಿದ್ದು ಎರಡನೆಯ ದಾರಿಯನ್ನು. ಅದಕ್ಕೆ ‘ವಾನ್ಸಂಗ್’ ಅಂದರೆ ಮುಗಿಸಿದ್ದು ಅಂತ ಹೆಸರು. ಕಾರಣ ಇತ್ತು. ಬೇರೆ ದೇಶಗಳ ಯಂತ್ರಗಳ ಜೊತೆ ಹೊಂದಬೇಕಾದರೆ ಆಗಿನ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಅಕ್ಷರಗಳು 94 ಸಾಲು, 94 ಕಂಬದ ಒಂದು ಕೋಷ್ಟಕದಲ್ಲಿ ಹಿಡಿಯಬೇಕಿತ್ತು. ಅದರಲ್ಲಿ ಇರುವುದೇ 8,836 ಮನೆ. 11,172 ಎಲ್ಲಿ ಹಿಡಿಯುತ್ತದೆ? ಅದೂ ಸಾಲದೆ ಕೊರಿಯಾದಲ್ಲಿ ಬಳಕೆಯಲ್ಲಿದ್ದ 4,888 ಚೀನೀ ಅಕ್ಷರಗಳಿಗೂ ಅಲ್ಲೇ ಜಾಗ ಬೇಕಿತ್ತು. ಕೊನೆಗೆ ಹೆಚ್ಚು ಬಳಕೆಯ 2,350 ಚೌಕಗಳನ್ನು ಮಾತ್ರ ಆರಿಸಿ ಸೇರಿಸಿದರು.

ದಿನದ ಪತ್ರವ್ಯವಹಾರಕ್ಕೆ 2,350 ಹೆಚ್ಚುಕಡಿಮೆ ಸಾಕಾಗುತ್ತಿತ್ತು. ಆದರೆ ಭಾಷೆ ಪಟ್ಟಿಯ ಮಾತು ಕೇಳುವುದಿಲ್ಲ. ಹೊಸ ಪದ ಬರುತ್ತದೆ, ಹೊರಗಿನ ಪದ ಬರುತ್ತದೆ. ಥಾಯ್ಲೆಂಡಿನ ‘ತೊಮ್ ಯಮ್’ ಸೂಪ್ ಗೊತ್ತಲ್ಲ? ಕೊರಿಯನ್ನರು ಅದನ್ನು ಒತ್ತಿ ಹೇಳುವ ‘ತ್ತೊಮ್’ ಅನ್ನುವ ಚೌಕದಿಂದ ಬರೆಯುತ್ತಾರೆ. ಆ ಚೌಕ 2,350ರಲ್ಲಿ ಇರಲಿಲ್ಲ. ಶಾಲೆಯ ಮಗು ಪೆನ್ಸಿಲಿನಲ್ಲಿ ಆರಾಮಾಗಿ ಬರೆಯುವ ಅಕ್ಷರವನ್ನು ಕಂಪ್ಯೂಟರ್ ಬರೆಯಲಾರದೆ ಹೋಯಿತು. ಹೆಸರಿನಲ್ಲಿ ಅಪರೂಪದ ಚೌಕ ಇರುವವರ ಕಷ್ಟ ಇನ್ನೂ ಜಾಸ್ತಿ. ಸೂಪಿನ ಹೆಸರು ಬದಲಿಸಿ ಬರೆಯಬಹುದು, ಅಪ್ಪ ಅಮ್ಮ ಇಟ್ಟ ಹೆಸರು ಬದಲಿಸುವುದು ಹೇಗೆ?

1992ರಲ್ಲಿ ಜೋಡಣೆಯ ವಿಧಾನವನ್ನೂ ಅದೇ ಮಾನದಂಡದ ಅನುಬಂಧವಾಗಿ ಸೇರಿಸಿದರು. 1995ರ ವಿಂಡೋಸ್ ಜೊತೆ ಮೈಕ್ರೋಸಾಫ್ಟ್, ಬಿಟ್ಟುಹೋಗಿದ್ದ 8,822 ಚೌಕಗಳನ್ನು ಖಾಲಿ ಇದ್ದ ಸಂದಿಗಳಲ್ಲಿ ತುಂಬಿತು. ಎಲ್ಲ ಅಕ್ಷರ ಬಂದವು, ಆದರೆ ಅಕಾರಾದಿ ಸಾಲು ತಪ್ಪಿತು. ಮೊದಲ 2,350 ಒಂದು ಕಡೆ, ಅವುಗಳ ನಡುವೆ ಬರಬೇಕಾದವು ಇನ್ನೊಂದು ಕಡೆ.

1996ರಲ್ಲಿ ಇಡೀ ಊರು ಸ್ಥಳಾಂತರ

ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಸಂಖ್ಯೆಯ ಪಟ್ಟಿ ಇರಲಿ ಅಂತ ಹುಟ್ಟಿದ್ದು ಯೂನಿಕೋಡ್. 1991ರ ಮೊದಲ ಆವೃತ್ತಿಯಲ್ಲಿ ಅದೇ 2,350 ಕೊರಿಯನ್ ಚೌಕಗಳು ಇದ್ದವು. 1993ರಲ್ಲಿ ಇನ್ನಷ್ಟು ಸೇರಿ 6,656 ಆದವು. ಆದರೆ ಅವು ಕಂತು ಕಂತಾಗಿ ಬಂದಿದ್ದರಿಂದ ಸಾಲು ಚೆಲ್ಲಾಪಿಲ್ಲಿಯಾಗಿತ್ತು.

1996ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ದೊಡ್ಡ ತೀರ್ಮಾನ ಆಯಿತು. ಹಳೆಯ ಕೊರಿಯನ್ ಚೌಕಗಳನ್ನೆಲ್ಲ ಅವುಗಳ ಜಾಗದಿಂದ ತೆಗೆದು, ಬೇರೆ ಕಡೆ ವಿಶಾಲವಾದ ಜಾಗ ಕೊಟ್ಟು, ಎಲ್ಲ 11,172 ಚೌಕಗಳನ್ನೂ ಸಾಲಾಗಿ ಕೂರಿಸಿದರು. ಅಣೆಕಟ್ಟು ಕಟ್ಟುವಾಗ ಊರಿಗೆ ಊರನ್ನೇ ಎಬ್ಬಿಸಿ ಹೊಸ ಬಡಾವಣೆಗೆ ಸಾಗಿಸುತ್ತಾರಲ್ಲ, ಹಾಗೆ. ಹಳೆಯ ಜಾಗ ಮುಂದೆ ಚೀನೀ ಅಕ್ಷರಗಳಿಗೆ ಹೋಯಿತು. ಹಳೆಯ ಸಂಖ್ಯೆಗಳಲ್ಲಿ ಬರೆದಿಟ್ಟ ಕೊರಿಯನ್ ಕಡತಗಳನ್ನು ಹೊಸ ಪಟ್ಟಿ ಹಿಡಿದು ಓದಿದರೆ ಅರ್ಥ ಸಿಗದಂತಾಯಿತು. ಇದರ ಪೆಟ್ಟು ಎಷ್ಟಿತ್ತು ಅಂದರೆ, ಒಂದು ಸಲ ಒಂದು ಅಕ್ಷರಕ್ಕೆ ಸಂಖ್ಯೆ ಕೊಟ್ಟ ಮೇಲೆ ಅದನ್ನು ಇನ್ನು ಯಾವತ್ತೂ ಸರಿಸುವುದಿಲ್ಲ, ತೆಗೆಯುವುದಿಲ್ಲ ಅಂತ ಯೂನಿಕೋಡ್ ನಿಯಮ ಮಾಡಿಕೊಂಡಿತು. ಇವತ್ತು ನಮ್ಮ ‘ಕ’ ಅಕ್ಷರದ ಸಂಖ್ಯೆ 3221 ಎಂದೆಂದಿಗೂ 3221ಆಗಿಯೇ ಇರುತ್ತದೆ ಅನ್ನುವ ಭರವಸೆಗೂ ಅದೇ ನಿಯಮ ಆಧಾರ.

ಸಾಲಾಗಿ ಕೂರಿಸಿದ್ದರ ಲಾಭ

ಹೊಸ ಬಡಾವಣೆಯ ಮೊದಲ ಮನೆಯ ನಂಬರ್ 44032. ಅಲ್ಲಿ ಇರುವುದು ‘ಗ’. ಕೊನೆಯ ಮನೆ 55203. ಮನೆಗಳು ನಿಘಂಟಿನ ಕ್ರಮದಲ್ಲಿವೆ. ಮೊದಲು ‘ಗ’, ಆಮೇಲೆ ‘ಗ’ಕ್ಕೆ ಒಂದೊಂದೇ ತಳ ಸೇರಿದ 27 ಚೌಕ. 28 ಮನೆ ಮುಗಿದ ಮೇಲೆ ಮುಂದಿನ ಸ್ವರ. 21 ಸ್ವರ ಮುಗಿದ ಮೇಲೆ ಮುಂದಿನ ವ್ಯಂಜನ. ಅಂದರೆ ಒಂದು ವ್ಯಂಜನದ ಬೀದಿಯಲ್ಲಿ 21 ಗುಣಿಸು 28, ಒಟ್ಟು 588 ಮನೆ.

ಹೀಗಿರುವಾಗ ಯಾವ ಚೌಕದ ನಂಬರನ್ನೂ ಪಟ್ಟಿ ನೋಡಿ ಹುಡುಕಬೇಕಿಲ್ಲ. ಲೆಕ್ಕ ಹಾಕಿದರೆ ಸಾಕು. ಎಣಿಕೆ ಸೊನ್ನೆಯಿಂದ ಶುರು ಅನ್ನುವುದೊಂದು ನೆನಪಿರಲಿ.

‘ಹನ್’ ತೆಗೆದುಕೊಳ್ಳೋಣ. ಹಂಗುಲ್ ಅನ್ನುವ ಹೆಸರಿನ ಮೊದಲ ಚೌಕ ಇದೇ. 2024ರಲ್ಲಿ ಸಾಹಿತ್ಯದ ನೊಬೆಲ್ ಪಡೆದ ಹಾನ್ ಕಾಂಗ್ ಅವರ ಹೆಸರಿನ ಮೊದಲ ಚೌಕವೂ ಇದೇ. ವ್ಯಂಜನಗಳ ಸಾಲಿನಲ್ಲಿ ‘ಹ್’ ಕಟ್ಟಕಡೆಯದು, ಅದರ ಎಣಿಕೆ 18. ಸ್ವರಗಳಲ್ಲಿ ‘ಅ’ ಮೊದಲನೆಯದು, ಎಣಿಕೆ 0. ತಳದ ಪಟ್ಟಿಯಲ್ಲಿ ‘ನ್’ ಎಣಿಕೆ 4.

18 ಬೀದಿ ದಾಟಬೇಕು: 18 ಗುಣಿಸು 588, ಅಂದರೆ 10,584. ಸ್ವರಕ್ಕೆ 0 ಗುಣಿಸು 28, ಅಂದರೆ 0. ತಳಕ್ಕೆ 4. ಇವನ್ನು 44032ಕ್ಕೆ ಕೂಡಿಸಿದರೆ 54620. ‘ಹನ್’ ಚೌಕದ ಯೂನಿಕೋಡ್ ಸಂಖ್ಯೆ ಅದೇ.

ವಾಪಸ್ಸು ಬರುವುದೂ ಇಷ್ಟೇ ಸುಲಭ. 54620ರಲ್ಲಿ 44032 ಕಳೆದರೆ 10,588. ಅದನ್ನು 588ರಿಂದ ಭಾಗಿಸಿದರೆ 18, ಶೇಷ 4. ಆ 4ನ್ನು 28ರಿಂದ ಭಾಗಿಸಿದರೆ 0, ಶೇಷ 4. ಹದಿನೆಂಟು, ಸೊನ್ನೆ, ನಾಲ್ಕು. ಹ್, ಅ, ನ್. ಕಟ್ಟಿದ ಚೌಕ ಪೂರ್ತಿ ಬಿಚ್ಚಿಕೊಂಡಿತು. ಐದನೇ ಕ್ಲಾಸಿನ ಭಾಗಾಕಾರ ಬಂದರೆ ಸಾಕು, ಯಾರು ಬೇಕಾದರೂ ಕಾಗದದ ಮೇಲೆ ಮಾಡಿ ನೋಡಬಹುದು. ದಯವಿಟ್ಟು ಒಂದು ಸಲ ಮಾಡಿ ನೋಡಿ.

ಸ್ಟ್ಯಾಂಪಿನ ದಾರಿಯಲ್ಲಿ ಹೋಗಿಯೂ ಒಳಗೆ ಅಚ್ಚುಮೊಳೆಯ ಲೆಕ್ಕ ಹಾಗೇ ಉಳಿದಿದೆ. ಸೇಜೊಂಗ್ ಕಟ್ಟಿದ ಲಿಪಿಯ ನಿಯಮ ಸಂಖ್ಯೆಯೊಳಗೇ ಕೂತಿದೆ.

ಶೇಷ ಸೊನ್ನೆಯೋ ಅಲ್ಲವೋ

ಇದರಿಂದ ದಿನಬಳಕೆಯಲ್ಲಿ ಏನು ಉಪಯೋಗ ಅಂತ ಕೇಳಬಹುದು. ಎರಡು ಹೇಳುತ್ತೇನೆ.

ಕೊರಿಯಾದಲ್ಲಿ ಫೋನಿನ ನಂಬರ್ ಪಟ್ಟಿಯಲ್ಲಿ ಯಾರನ್ನಾದರೂ ಹುಡುಕುವಾಗ ಪೂರ್ತಿ ಹೆಸರು ಬರೆಯುವುದಿಲ್ಲ. ಪ್ರತಿ ಚೌಕದ ಮೊದಲ ವ್ಯಂಜನ ಒತ್ತಿದರೆ ಸಾಕು. ‘ಹ್, ಗ್’ ಅಂತ ಒತ್ತಿದರೆ ಹಾನ್ ಕಾಂಗ್ ಥರದ ಹೆಸರುಗಳೆಲ್ಲ ಎದುರಿಗೆ ಬರುತ್ತವೆ. ಹೆಸರಿನ ಪ್ರತಿ ಸಂಖ್ಯೆಯಿಂದ 44032 ಕಳೆದು 588ರಿಂದ ಭಾಗಿಸಿದರೆ ಮೊದಲ ವ್ಯಂಜನ ಸಿಗುತ್ತದೆ.

ಇನ್ನೊಂದು ವಿಭಕ್ತಿ ಪ್ರತ್ಯಯದ್ದು. ನಾವು ‘ಮರವನ್ನು’ ಅನ್ನುತ್ತೇವೆ, ‘ಮನೆಯನ್ನು’ ಅನ್ನುತ್ತೇವೆ. ಪದದ ಕೊನೆಯ ಉಲಿ ನೋಡಿಕೊಂಡು ನಡುವೆ ‘ವ’ ಬರಬೇಕೋ ‘ಯ’ ಬರಬೇಕೋ ಅಂತ ನಮ್ಮ ನಾಲಿಗೆಯೇ ತೀರ್ಮಾನಿಸುತ್ತದೆ. ಕೊರಿಯನ್‌ನಲ್ಲೂ ‘ಅನ್ನು’ ಪ್ರತ್ಯಯಕ್ಕೆ ಎರಡು ರೂಪ. ಪದ ವ್ಯಂಜನದಲ್ಲಿ ಮುಗಿದರೆ ‘ಉಲ್’, ಸ್ವರದಲ್ಲಿ ಮುಗಿದರೆ ‘ರುಲ್’. ಅನ್ನಕ್ಕೆ ಅವರು ‘ಬಪ್’ ಅನ್ನುತ್ತಾರೆ. ಅದರ ಸಂಖ್ಯೆ 48165. 44032 ಕಳೆದರೆ 4133. 28ರಿಂದ ಭಾಗಿಸಿದರೆ ಶೇಷ 17. ಶೇಷ ಉಳಿದಿದೆ ಅಂದರೆ ಕೆಳಗೆ ವ್ಯಂಜನ ಇದೆ ಅಂತ ಅರ್ಥ. ಹಾಗಾಗಿ ‘ಉಲ್’. ‘ನ’ ಅಂದರೆ ನಾನು. ಅದರ ಸಂಖ್ಯೆ 45208. ಕಳೆದರೆ 1176. 28ರಿಂದ ಸರಿಯಾಗಿ ಭಾಗವಾಗುತ್ತದೆ, ಶೇಷ ಸೊನ್ನೆ. ಹಾಗಾಗಿ ‘ರುಲ್’. ಆ್ಯಪ್ ಬರೆಯುವವರು ಬಳಕೆದಾರರ ಹೆಸರಿನ ಮುಂದೆ ಸರಿಯಾದ ಪ್ರತ್ಯಯ ಬರಿಸುವುದು ಹೀಗೆ. ಒಂದು ಭಾಗಾಕಾರದಲ್ಲಿ ವ್ಯಾಕರಣ ಮುಗಿಯಿತು.

ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು

ಯೂನಿಕೋಡಿನಲ್ಲಿ ಬಿಡಿ ಮೊಳೆಗಳೂ ಇವೆ. ಚೌಕದ ಮೇಲಿನ ‘ಹ್’ 4370, ಸ್ವರ ‘ಅ’ 4449, ಕೆಳಗೆ ಕೂರುವ ‘ನ್’ 4523. ಈ ಮೂರನ್ನು ಒಂದರ ಹಿಂದೆ ಒಂದು ಬರೆದರೆ ಫಾಂಟ್ ಅವನ್ನು ಜೋಡಿಸಿ ‘ಹನ್’ ಅಂತಲೇ ತೋರಿಸುತ್ತದೆ. ಬಳಕೆ ತಪ್ಪಿದ ಹಳೆಯ ಅಕ್ಷರಗಳಿರುವ ಬರಹ ಬೇಕಾದಾಗ ಈ ಮೊಳೆಗಳೇ ಗತಿ, ಯಾಕೆಂದರೆ ಆ ಚೌಕಗಳು 11,172ರಲ್ಲಿ ಇಲ್ಲ.

ಆದರೆ ಇದರಿಂದ ಒಂದು ತೊಡಕು. 54620 ಅಂತ ಒಂದೇ ಸಂಖ್ಯೆಯ ‘ಹನ್’, ಮೂರು ಸಂಖ್ಯೆಯ ‘ಹನ್’, ಎರಡೂ ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಮ್ಯಾಕ್ ಕಂಪ್ಯೂಟರುಗಳ ಹಳೆಯ ಕಡತ ವ್ಯವಸ್ಥೆ ಫೈಲಿನ ಹೆಸರುಗಳನ್ನು ಬಿಡಿಸಿ ಇಡುತ್ತಿತ್ತು. ಆ ಫೈಲನ್ನು ವಿಂಡೋಸ್ ಕಂಪ್ಯೂಟರಿಗೆ ಕಳಿಸಿದರೆ ಎಷ್ಟೋ ಸಲ ಚೌಕಗಳು ಬಿಚ್ಚಿ, ಹ್ ಅ ನ್ ಅಂತ ಸಾಲಾಗಿ ನಿಲ್ಲುತ್ತಿದ್ದವು. ಕೊರಿಯಾದ ಕಚೇರಿಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ತಲೆನೋವು. ಬಿಡಿಸಿದ್ದನ್ನು ಜೋಡಿಸಿ, ಜೋಡಿಸಿದ್ದನ್ನು ಬಿಡಿಸಿ ಒಂದೇ ರೂಪಕ್ಕೆ ತರಲು ಯೂನಿಕೋಡಿನಲ್ಲಿ ನಿಯಮ ಇದೆ. ಕೊರಿಯನ್‌ಗೆ ಆ ಕೆಲಸ ಕೂಡ ಮೇಲಿನ ಲೆಕ್ಕದಿಂದಲೇ ಆಗುತ್ತದೆ.

ಇದು ನಮ್ಮ ಮನೆಯ ಕಥೆಯೂ ಹೌದು. ‘ಕೀ’ ಬರೆಯುವಾಗ ದೀರ್ಘದ ‘ೀ’ ಗುರುತಿಗೆ 3264 ಅನ್ನುವ ಒಂದೇ ಸಂಖ್ಯೆ ಇದೆ. ‘ಿ’ ಗುರುತಿನ 3263, ಪಕ್ಕದ ದೀರ್ಘದ 3285 ಎರಡನ್ನೂ ಸೇರಿಸಿ ಬರೆದರೂ ಅದೇ ರೂಪ. ಹುಡುಕುವಾಗ ಈ ಎರಡನ್ನೂ ಒಂದೇ ಅಂತ ತಿಳಿಯದ ತಂತ್ರಾಂಶ, ಇರುವ ಪದವನ್ನೇ ಇಲ್ಲ ಅನ್ನುತ್ತದೆ.

ಕನ್ನಡ ಮಾತ್ರ ಅಚ್ಚುಮೊಳೆಯ ದಾರಿಯಲ್ಲೇ ಉಳಿದಿದೆ. ನಮ್ಮ ಲಿಪಿಗೆ ಯೂನಿಕೋಡಿನಲ್ಲಿ ಇರುವುದು 128 ಮನೆ. ‘ಕ್ಷಿ’ ಅನ್ನುವ ಒಂದು ಅಕ್ಷರ ಒಳಗೆ ನಾಲ್ಕು ಸಂಖ್ಯೆ: ಕ, ವಿರಾಮ, ಷ, ಗುಡಿಸು. ಜೋಡಿಸಿ ಚಂದ ಮಾಡುವ ಕೆಲಸ ಫಾಂಟಿನದು. ಒತ್ತಿನ ಕೆಳಗೆ ಇನ್ನೊಂದು ಒತ್ತು ಬರಬಹುದಾದ ನಮ್ಮ ಬರಹದಲ್ಲಿ 19, 21, 28ರ ಹಾಗೆ ಗೆರೆ ಎಳೆದು ಇಷ್ಟೇ ಅನ್ನಲಾಗುವುದಿಲ್ಲ. ಕೊರಿಯನ್ ಚೌಕದ ಜಾಗ ಮೂರೇ. ಅದಕ್ಕೇ ಅಲ್ಲಿ ಎಲ್ಲವನ್ನೂ ಎಣಿಸಿ ಮುಗಿಸಲು ಸಾಧ್ಯವಾಯಿತು. ಎರಡು ಬೈಟಿನಲ್ಲಿ ಹಿಡಿಯುವ 65,536 ಸಂಖ್ಯೆಗಳಲ್ಲಿ ಆರನೇ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿಯೇ ಅದಕ್ಕೆ ಹೋಗಿದೆ.

ಕೊಳ್ಳಿದೆವ್ವದ ಬೆಳಕು

ಕೊನೆಗೆ ಆ ಜಿಗಿಯುವ ಅಕ್ಷರ. ಕೊರಿಯಾದಲ್ಲಿ ಎಲ್ಲರೂ ಬಳಸುವ ಕೀಬೋರ್ಡಿನಲ್ಲಿ ಎಡಗೈಗೆ ವ್ಯಂಜನ, ಬಲಗೈಗೆ ಸ್ವರ. ಮೇಲಿನ ‘ನ್’ಗೂ ಕೆಳಗಿನ ‘ನ್’ಗೂ ಒಂದೇ ಕೀಲಿ. ಯಾವ ಜಾಗಕ್ಕೆ ಬಂದದ್ದು ಅಂತ ತಂತ್ರಾಂಶ ಊಹಿಸಬೇಕು. ‘ಹ’ ಆದ ಮೇಲೆ ‘ನ್’ ಬಂದರೆ ತಳಕ್ಕೆ ಬಂದಿದೆ ಅಂದುಕೊಂಡು ಕೂರಿಸುತ್ತದೆ. ಮುಂದಿನ ಕೀಲಿ ಸ್ವರವಾದರೆ ಆ ಸ್ವರಕ್ಕೆ ವ್ಯಂಜನ ಬೇಕಲ್ಲ, ಆಗ ತಳದಲ್ಲಿದ್ದ ‘ನ್’ ಅನ್ನು ಕಿತ್ತು ಮುಂದಿನ ಚೌಕಕ್ಕೆ ಕೊಡುತ್ತದೆ. ಇದಕ್ಕೆ ಕೊರಿಯನ್ನರು ಇಟ್ಟ ಹೆಸರು ಕೇಳಿ ನಾನು ಖುಷಿಪಟ್ಟೆ. ಅವರ ಜನಪದ ಕಥೆಗಳಲ್ಲಿ ರಾತ್ರಿ ಹೊತ್ತು ಬೆಂಕಿ ಹಿಡಿದು ಅಲ್ಲೊಮ್ಮೆ ಇಲ್ಲೊಮ್ಮೆ ಮಿನುಗುವ ಭೂತ ಇದೆ, ನಮ್ಮ ಕೊಳ್ಳಿದೆವ್ವದ ಹಾಗೆ. ಅಕ್ಷರ ಜಿಗಿಯುವುದಕ್ಕೂ ಅವರು ಆ ಭೂತದ ಬೆಂಕಿಯ ಹೆಸರನ್ನೇ ಇಟ್ಟಿದ್ದಾರೆ.

ಈ ಜಿಗಿತ ಇಲ್ಲದ ಕೀಲಿಮಣೆಯೂ ಇದೆ. ಕಣ್ಣಿನ ಡಾಕ್ಟರಾಗಿದ್ದ ಕೊಂಗ್ ಬ್ಯೊಂಗ್-ಉ ಎಂಬುವರು 1949ರಲ್ಲಿ ಮಾಡಿದ ಬೆರಳಚ್ಚು ಯಂತ್ರದಲ್ಲಿ ಮೇಲಿನ ವ್ಯಂಜನ, ಸ್ವರ, ಕೆಳಗಿನ ವ್ಯಂಜನ ಮೂರಕ್ಕೂ ಬೇರೆ ಬೇರೆ ಕೀಲಿ. ಊಹೆಯೇ ಬೇಕಿಲ್ಲ. ಅದನ್ನು ಇಷ್ಟಪಡುವವರು ಇವತ್ತಿಗೂ ಇದ್ದಾರೆ. ಆದರೆ ಕೀಲಿ ಜಾಸ್ತಿ, ಕಲಿಯೋಕೆ ಹೊತ್ತು ಹಿಡಿಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಮಗಳು ಮತ್ತೆ ‘ಹನ’ ಬರೆದಳು. ಈ ಸಲ ಒಂದೊಂದು ಕೀಲಿಗೂ ಪಕ್ಕದಲ್ಲಿ ಕಾಗದದ ಮೇಲೆ ಸಂಖ್ಯೆ ಬರೆದುಕೊಂಡಳು. ಎರಡನೆಯ ಕೀಲಿಗೆ 54616. ಮೂರನೆಯದಕ್ಕೆ 54620. ನಾಲ್ಕನೆಯದಕ್ಕೆ ಅದು ಮತ್ತೆ 54616 ಆಗಿ, ಪಕ್ಕದಲ್ಲಿ 45208 ಬಂತು.

ಆಮೇಲೆ ‘ಕನ್ನಡ’ ಬರೆದಳು. ಕೊರಿಯನ್ನರು ಇದಕ್ಕೆ ‘ಖ್’ ಥರ ಕೇಳುವ ಅಕ್ಷರ ಹಾಕುತ್ತಾರೆ. ಖ್, ಅ, ನ್ ಒತ್ತಿದಾಗ ‘ಕನ್’. ಇನ್ನೊಂದು ‘ನ್’ ಒತ್ತಿದಳು. ತಳದಲ್ಲಿ ಎರಡು ‘ನ್’ ಕೂರುವ ಹಾಗಿಲ್ಲ, ಅದು ತಾನೇ ಹೊಸ ಚೌಕ ಶುರುಮಾಡಿತು. ಅ ಒತ್ತಿದಳು, ‘ನ’ ಆಯಿತು. ‘ದ್’ ಒತ್ತಿದಾಗ ಅದು ‘ನ’ದ ಕೆಳಗೆ ಹೋಗಿ ಕೂತಿತು. ಕೊನೆಯ ಅ ಒತ್ತುವ ಮೊದಲು ಬೆರಳು ಹಾಗೇ ಎತ್ತಿ ಹಿಡಿದು, “ಈಗ ಜಿಗಿಯುತ್ತೆ ನೋಡು ಚಿಕ್ಕಮ್ಮಾ” ಅಂದಳು. ಒತ್ತಿದಳು. ಜಿಗಿಯಿತು. ಕಾಗದದ ಮೇಲೆ ಬರೆದಳು: 52856, 45208, 45796. ಆಮೇಲೆ ನಡುವಿನ ಸಂಖ್ಯೆಯ ಸುತ್ತ ಒಂದು ಸುತ್ತು ಹಾಕಿ, ಮೇಲಿನ ಸಾಲಿನ 45208ಕ್ಕೆ ಒಂದು ಗೆರೆ ಎಳೆದಳು. ‘ಹನ’ದ ನ, ‘ಕನ್ನಡ’ದ ನ.